ಹೆಸರಿನ ಚೀಲಕ್ಕೆ ಬೇವು, ಬಜೆ

ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳಲ್ಲಿ ಹೆಸರು ರಾಶಿಯಾಗುವುದು ಮಳೆ ಇನ್ನೂ ಬೆನ್ನು ಬಿಡದ ದಿನಗಳಲ್ಲಿ. ಮೋಡ ಕಂಡರೆ ಸಾಕು, ಅರೆಬರೆ ಒಣಗಿದ ಕಾಳನ್ನೇ ಚೀಲಕ್ಕೆ ತುಂಬಿ ಒಳಗೆ ಒಟ್ಟುತ್ತೇವೆ. ದೀಪಾವಳಿಗೆ ಬಿಚ್ಚಿದರೆ ಕಾಳಿಗೊಂದು ತೂತು, ಕೈತುಂಬ ಹಿಟ್ಟು. ಹುಳ ಚೀಲದಲ್ಲೇ ಹುಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಅದು ಹೊಲದಿಂದಲೂ ಬರುತ್ತದೆ. ಗಿಡದಲ್ಲಿ ಕಾಯಿ ಒಣಗುವಾಗಲೇ ದುಂಬಿ ಮೊಟ್ಟೆ ಇಟ್ಟು ಹೋಗಿರುತ್ತದೆ. ಹಳೆಯ ಚೀಲದ ಹೊಲಿಗೆಯಲ್ಲಿ ಉಳಿದವು ಬೇರೆ.

ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿಯಿರಿ. ಹಸಿರು ಸಿಪ್ಪೆಯ ಮೇಲೆ ಸುಣ್ಣದ ಚುಕ್ಕೆಯಂತೆ ಕಾಣುವುದು ಮೊಟ್ಟೆಯ ಚಿಪ್ಪು. ಚುಕ್ಕೆ ಬೆಳ್ಳಗಾಗಿದ್ದರೆ ಮರಿ ಆಗಲೇ ಕಾಳು ಕೊರೆದು ಒಳಸೇರಿದೆ. ಸುಮಾರು ಒಂದು ತಿಂಗಳಿಗೆ ಅದೂ ದುಂಬಿಯಾಗಿ ಹೊರಬಂದು ಮತ್ತೆ ಹತ್ತಾರು ಮೊಟ್ಟೆ ಅಂಟಿಸುತ್ತದೆ. ಒಳಗೆ ಕೂತ ಮರಿಯನ್ನು ಯಾವ ಪುಡಿಯೂ ಮುಟ್ಟಲಾರದು. ಹುಳ ಬಿದ್ದ ಮೇಲೆ ಪುಡಿ ಹಾಕಿ ಬೈದುಕೊಳ್ಳುವವರು ಇದನ್ನು ನೆನಪಿಡಬೇಕು.

ಮೊದಲ ಮದ್ದು ಬಿಸಿಲೇ. ಬೆಂಬಲ ಬೆಲೆಯ ಖರೀದಿಗೆ ಹೆಸರಿನಲ್ಲಿ ಶೇ. 12ರ ತೇವ ನಡೆದೀತು, ವರ್ಷವಿಡೀ ಮನೆಯಲ್ಲಿಡುವ ಕಾಳಿಗೆ ಶೇ. 9ರ ಆಸುಪಾಸು ಬೇಕು. ಹಲ್ಲಿಗೆ ಕೊಟ್ಟರೆ ಕಟಕ್ಕೆಂದು ಒಡೆಯಬೇಕು. ಒಣಗಿದ ಕಾಳು ಪೂರ್ತಿ ತಣ್ಣಗಾದ ಮೇಲೆ ತುಂಬಿ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರುತ್ತದೆ.

ಬಿತ್ತನೆ ಬೀಜಕ್ಕೆ ನನ್ನ ಮೊದಲ ಆಯ್ಕೆ ಬಜೆ. ಒಣಬೇರನ್ನು ನುಣ್ಣಗೆ ಕುಟ್ಟಿ, ಜರಡಿ ಹಿಡಿದು, ಕಿಲೋ ಬೀಜಕ್ಕೆ 10 ಗ್ರಾಂ, ಅಂದರೆ ಕ್ವಿಂಟಲಿಗೆ ಒಂದು ಕಿಲೋ, ತಾಡಪಾಲಿನ ಮೇಲೆ ಕಾಳುಕಾಳಿಗೂ ಅಂಟುವಂತೆ ಕಲಸಿ. ಪುಡಿ ತಳದಲ್ಲಿ ಕುಂತರೆ ಮೇಲಿನ ಅರ್ಧ ಚೀಲ ಹುಳಕ್ಕೇ. ಬೇವಿನ ಬೀಜದ ಪುಡಿಯಾದರೆ ಕ್ವಿಂಟಲಿಗೆ ಎರಡು ಕಿಲೋ.

ಕೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ, ಹಾಗಾಗಿ ಉಣ್ಣುವ ಕಾಳಿಗೂ ಹಾಕಿದರೇನು ಎನ್ನುತ್ತಾರೆ. ಬೇಡ. ಅದರಲ್ಲಿರುವ ಅಸರೋನ್ ಎಂಬ ಅಂಶ ದೇಹಕ್ಕೆ ಒಳ್ಳೆಯದಲ್ಲ. ಉಣ್ಣುವ ಹೆಸರು, ಕಡಲೆಗೆ ನೆರಳಲ್ಲಿ ಒಣಗಿಸಿದ ಬೇವಿನ ತಪ್ಪಲನ್ನು ಪದರ ಪದರವಾಗಿ ಹಾಕಿ. ಇಲ್ಲವೇ ಕಿಲೋಗೆ 5 ಮಿ.ಲೀ. ಅಡುಗೆ ಎಣ್ಣೆ ಸವರಿ. ಎಣ್ಣೆ ಹತ್ತಿದ ಮೊಟ್ಟೆಗೆ ಉಸಿರಾಡಲು ಆಗುವುದಿಲ್ಲ. ನಮ್ಮ ಹಿರಿಯರ ಹಗೇವು ಜೋಳದ ನುಸಿಯನ್ನು ಕೊಲ್ಲುತ್ತಿದ್ದುದೂ ಗಾಳಿ ಕಟ್ಟಿಯೇ.

ಇಷ್ಟೆಲ್ಲ ಯಾಕೆ ಅಂತ ಮಲಗುವ ಮನೆಯ ಚೀಲದಲ್ಲಿ ವಿಷದ ಗುಳಿಗೆ ಮಾತ್ರ ಇಡಬೇಡಿ. ಅದರ ಗಾಳಿ ಹುಳಕ್ಕೂ ಮನುಷ್ಯರಿಗೂ ಭೇದ ಮಾಡದು.

ಬೇವಿನ ಹಣ್ಣು ಉದುರುವುದು ಜೂನ್, ಜುಲೈನಲ್ಲಿ. ಆಗ ಆಯ್ದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿಟ್ಟವರಿಗಷ್ಟೇ ಹೆಸರಿನ ರಾಶಿಗೆ ಪುಡಿ ಸಿಗುತ್ತದೆ.