ನಾಲ್ಕು ತಂತಿ ಸಾಕು, ಪುಟ್ಟೀ

ಐದು ತಂತಿಯ ಬೇಸ್ ಗಿಟಾರ್ ಬೇಡ, ನಾಲ್ಕರದ್ದೇ ತಗೊ. ಮೊದಲ ಸಂಬಳ ಕೈಗೆ ಬಂದಿದೆ, ‘ಮುಂದೆ ಹೇಗೂ ಬೇಕಾಗುತ್ತೆ ಮೇಡಂ’ ಅಂತ ಅಂಗಡಿಯವನು ಹೇಳಿದ್ದಾನೆ, ನೀನು ‘ದೊಡ್ಡಪ್ಪ, ಏನ್ ಮಾಡ್ಲಿ?’ ಅಂತ ಫೋನಲ್ಲಿ ಕೇಳಿದೆ. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ ಅಂತ ಬರೀತಿದ್ದೀನಿ.

ಆ ಐದನೇ ತಂತಿ ಕೆಳಗಿನ ಬಿ. ಸೆಕೆಂಡಿಗೆ ಸುಮಾರು 31 ಸಲ ಅಲುಗುತ್ತೆ, ಅಷ್ಟು ತಗ್ಗಿನ ದನಿ. ನೀನು ನುಡಿಸಲಿರುವ ಆಫೀಸ್ ಹಾಲಲ್ಲಾಗಲಿ, ಕಾಲೇಜ್ ಫೆಸ್ಟಲ್ಲಾಗಲಿ ಆ ದನಿಯನ್ನು ನೆಟ್ಟಗೆ ಹೊರಡಿಸುವ ಸ್ಪೀಕರ್ ಸಿಗೋದು ಕಷ್ಟ. ಸಾಲದ್ದಕ್ಕೆ, ನುಡಿಸದೇ ಬಿಟ್ಟರೂ ಆ ತಂತಿ ತೆಪ್ಪಗಿರಲ್ಲ. ಪಕ್ಕದ ತಂತಿ ಮೀಟಿದರೆ ಇದೂ ಗುಂಯ್ ಅನ್ನುತ್ತೆ. ಅದರ ಬಾಯಿ ಮುಚ್ಚಿಸೋಕೆ ಒಂದು ಬೆರಳು ಸದಾ ಕಾವಲಿರಬೇಕು. ಈಗಷ್ಟೇ ಕಲಿಯುವವಳಿಗೆ ಇ, ಎ, ಡಿ, ಜಿ ನಾಲ್ಕನ್ನು ಆಳೋದೇ ಸಾಕಷ್ಟು ಕೆಲಸ. ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಪ್ರಿಸಿಷನ್ ಬೇಸ್ ಹೊರತಂದಾಗ ಅದಕ್ಕಿದ್ದದ್ದೂ ನಾಲ್ಕೇ ತಂತಿ. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು ಸಿಕ್ಕಿತು. ಫ್ರೆಟ್ ಇದ್ದದ್ದರಿಂದ ಸ್ವರ ಎಲ್ಲಿದೆ ಅಂತ ತಡಕಾಡೋದೂ ತಪ್ಪಿತು.

ಇನ್ನು ಯಾವುದು ತಗೋಬೇಕು ಅನ್ನೋದು. ಬಣ್ಣ, ಬ್ರ್ಯಾಂಡ್ ಆಮೇಲೆ ನೋಡು, ಮೊದಲು ನೆಕ್ ಹಿಡಿದು ನೋಡು. ಜಾಝ್ ಬೇಸ್ ಥರದ್ದರಲ್ಲಿ ನೆಕ್ ತುದಿಯ ಅಗಲ ಸುಮಾರು 38 ಮಿಲಿಮೀಟರ್, ಪ್ರಿಸಿಷನ್ ಥರದ್ದರಲ್ಲಿ 41 ದಾಟುತ್ತೆ. ಮೂರೇ ಮಿಲಿಮೀಟರ್ ತಾನೇ ಅನ್ನಬೇಡ. ಎರಡು ಗಂಟೆ ರಿಹರ್ಸಲ್ ಮಾಡಿ ಎದ್ದಾಗ ಆ ಮೂರು ಮಿಲಿಮೀಟರ್ ಹೆಬ್ಬೆರಳ ಬುಡದಲ್ಲಿ ಮಾತಾಡುತ್ತೆ. ನಿನ್ನ ಕೈ ನಿಮ್ಮಜ್ಜಿಯ ಕೈ, ಸಣ್ಣದು. 34 ಇಂಚಿನ ತಂತಿ ನಿನಗೆ ಉದ್ದ ಅನ್ನಿಸಿದರೆ 30 ಇಂಚಿನ ಶಾರ್ಟ್ ಸ್ಕೇಲ್ ಕೇಳು. ಅದು ಮಕ್ಕಳಾಟದ ಬೇಸ್ ಅಂತ ಯಾರಾದರೂ ನಕ್ಕರೆ ಪಾಲ್ ಮೆಕಾರ್ಟ್ನಿ ಹೆಸರು ಹೇಳು. ಪಿಟೀಲಿನ ಆಕಾರದ ಅವನ ಹಾಫ್ನರ್ ಶಾರ್ಟ್ ಸ್ಕೇಲೇ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡದ್ದು. ಅವನು ಎಡಚ, ಎರಡೂ ಕಡೆ ಒಂದೇ ಆಕಾರ ಇದ್ದದ್ದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣಲ್ಲ ಅನ್ನೋದು ಅವನಿಗೆ ಮುಖ್ಯವಾಗಿತ್ತು. ಅಂಥವನೇ ಅಷ್ಟು ಸಣ್ಣ ಕಾರಣಕ್ಕೆ ಕೊಂಡಿದ್ದಾನೆ ಅಂದಮೇಲೆ ನೀನು ಇಂಟರ್ನೆಟ್ಟಲ್ಲಿ ಮೂರು ತಿಂಗಳು ಮರದ ಜಾತಿ ಓದುತ್ತಾ ಕೂರಬೇಕಾಗಿಲ್ಲ.

ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ. ರಷ್ ಬ್ಯಾಂಡಿನ ಗೆಡ್ಡಿ ಲೀ ಎಷ್ಟೋ ಆಲ್ಬಮ್‌ಗಳಿಗೆ ನುಡಿಸಿದ ಜಾಝ್ ಬೇಸ್, ಅಮೆರಿಕದ ಕಲಮಜೂ ಊರಿನ ಗಿರವಿ ಅಂಗಡಿಯೊಂದರಲ್ಲಿ 200 ಡಾಲರಿಗೋ ಏನೋ ಸಿಕ್ಕಿದ್ದು.

ಆದರೆ ನೋಡಿ ತಗೊ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಹೇಳಿ ವಿದ್ಯಾರ್ಥಿಗಳ ಬಾಯಿ ಮುಚ್ಚಿಸುವ ಮೇಷ್ಟ್ರುಗಳಿದ್ದಾರೆ. ಬೇಸಿನ ವಿಷಯದಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತೆ. ನಾಲ್ಕು ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ ಹತ್ತಿರ ಹತ್ತಿರ 75 ಕೆಜಿ, ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದಷ್ಟು. ಅದಕ್ಕೆ ಎದುರಾಗಿ ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳಿರುತ್ತೆ. ಅಂಗಡಿಯಲ್ಲಿ ಹೀಗೆ ಮಾಡು: ದಪ್ಪ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್ ಮೇಲೆ ಒತ್ತು, ಬಲಗೈಯಲ್ಲಿ ಕೊನೆಯ ಫ್ರೆಟ್ ಮೇಲೆ ಒತ್ತು. ಈಗ ತಂತಿಯೇ ನಿನ್ನ ಅಳತೆಪಟ್ಟಿ. ನಡುವೆ ಏಳೆಂಟನೇ ಫ್ರೆಟ್ ಹತ್ತಿರ ಕಣ್ಣಿಟ್ಟು ನೋಡು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿದ್ದರೆ ಸರಿ. ಸಂದೇ ಇಲ್ಲದಿದ್ದರೆ ತಂತಿ ಫ್ರೆಟ್ಟಿಗೆ ಬಡಿದು ಝರ್ ಅನ್ನುತ್ತೆ. ಜಾಸ್ತಿ ಇದ್ದರೆ ಒತ್ತಿ ಒತ್ತಿ ಬೆರಳಿಗೆ ಬೊಬ್ಬೆ. ಎರಡಕ್ಕೂ ಮದ್ದಿದೆ. ಅಲೆನ್ ಕೀ ಹಾಕಿ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸು, ಮತ್ತೆ ಶ್ರುತಿ ಮಾಡು, ಒಂದು ದಿನ ಬಿಡು, ಆಮೇಲೆ ಇನ್ನೊಮ್ಮೆ ನೋಡು. ಬಿಗಿಯಾಗಿದ್ದರೆ ಮಾತ್ರ ಜಬರ್ದಸ್ತಿ ಮಾಡಬೇಡ, ತಿಳಿದವರ ಹತ್ತಿರ ಒಯ್ಯಿ. ನೀನಿರೋದು ಮಂಗಳೂರಲ್ಲಿ, ಮಳೆಗಾಲ ಶುರುವಾದಾಗೊಮ್ಮೆ, ಮುಗಿದಾಗೊಮ್ಮೆ ಈ ಪರೀಕ್ಷೆ ತಪ್ಪಿಸಬೇಡ. ಮರ ಅಲ್ಲವಾ, ಹವಾ ಬದಲಾದರೆ ಮೈ ಮುರಿಯುತ್ತೆ.

ಹೀಗೆ ನೋಡಿ ತಂದಮೇಲೆ ಅದನ್ನೇ ಇಟ್ಟುಕೊ. ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಸ್ವರ ದಪ್ಪ ಬರ್ತಿಲ್ಲ ಅಂತ ಮುಂದಿನ ವರ್ಷ ಇನ್ನೊಂದು, ಆ ಹಾಡಿಗೆ ಹೊಂದಲ್ಲ ಅಂತ ಮತ್ತೊಂದು ಕೊಳ್ಳುವವರನ್ನು ಸಾಕಷ್ಟು ನೋಡಿದ್ದೀನಿ. ಅವರ ಮನೆಯ ಗೋಡೆ ಚೆಂದ, ನುಡಿಸೋದು ಅಷ್ಟಕ್ಕಷ್ಟೆ.

ಜೇಮ್ಸ್ ಜೇಮರ್ಸನ್ ಅಂತ ಒಬ್ಬನಿದ್ದ. ಡೆಟ್ರಾಯ್ಟ್ ಊರಲ್ಲಿ ಮೋಟೌನ್ ಕಂಪನಿಯ ರೆಕಾರ್ಡಿಂಗಿಗೆ ನುಡಿಸುತ್ತಿದ್ದವನು. ಸ್ಟುಡಿಯೋ ಅಂದರೆ ಒಂದು ಸಾಧಾರಣ ಮನೆ. ಒಳಗೆ ವೈರುಗಳ ಗೋಜಲು, ವಾದ್ಯದವರು ಆ ಕೋಣೆಯನ್ನು ಹಾವಿನ ಗುಂಡಿ ಅಂತಲೇ ಕರೆಯುತ್ತಿದ್ದರು. ಅರವತ್ತರ ದಶಕದಲ್ಲಿ ಅಮೆರಿಕ ಕುಣಿದ ಹಾಡುಗಳಲ್ಲಿ ಎಷ್ಟಕ್ಕೋ ತಳ ಹಾಕಿದ್ದು ಇವನ 1962ರ ಪ್ರಿಸಿಷನ್ ಬೇಸ್. ದಪ್ಪನೆಯ ಫ್ಲಾಟ್‌ವೌಂಡ್ ತಂತಿ, ಅದೂ ಫ್ರೆಟ್ಟಿನಿಂದ ಎತ್ತರದಲ್ಲಿ. ಕಿತ್ತುಹೋಗುವ ತನಕ ತಂತಿ ಬದಲಾಯಿಸಿದವನಲ್ಲ. ಬ್ರಿಡ್ಜ್ ಕವರ್ ಅಡಿ ಒಂದು ತುಂಡು ಸ್ಪಂಜು. ಮೀಟೋದಕ್ಕೆ ಬಲಗೈ ತೋರುಬೆರಳೊಂದೇ. ಅದಕ್ಕೆ ‘ಕೊಕ್ಕೆ’ ಅಂತ ಹೆಸರೇ ಬಿದ್ದಿತ್ತು. ಅಷ್ಟು ಇಟ್ಟುಕೊಂಡು ಅವನು ಮಾಡಿದ್ದನ್ನು ಇವತ್ತು ಎರಡು ಕೈಯ ಹತ್ತೂ ಬೆರಳಲ್ಲಿ ನುಡಿಸುವವರು ಕೂತು ಕಲೀತಾರೆ. ಅವನ ಹೆಸರು ಮೋಟೌನ್ ರೆಕಾರ್ಡ್ ಕವರಿನ ಮೇಲೆ ಬಂದದ್ದು ಮಾತ್ರ 1971ರಲ್ಲಿ, ಮಾರ್ವಿನ್ ಗೇ ಆಲ್ಬಮ್ಮಿನಲ್ಲಿ. ಬೇಸ್ ನುಡಿಸೋಳಿಗೆ ಹೆಸರಿನ ವಿಷಯದಲ್ಲಿ ತಾಳ್ಮೆ ಬೇಕು ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಮದುವೆ ರಿಸೆಪ್ಷನ್ನಿನಲ್ಲಿ ನಿನ್ನ ಹತ್ತಿರ ಬಂದು ‘ಗಿಟಾರ್ ತುಂಬಾ ಚೆನ್ನಾಗಿ ನುಡಿಸಿದ್ರಿ’ ಅಂತಾರೆ. ಥ್ಯಾಂಕ್ಸ್ ಅಂದುಬಿಡು.

ಉಳಿದ ಹಣ ಆಂಪಿಗೆ ಹಾಕು. ಮನೆಯಲ್ಲಿ ಕೂತು ನುಡಿಸೋದಕ್ಕೆ 20-30 ವ್ಯಾಟಿನದು ಸಾಕು, ಡ್ರಮ್ಸ್ ಜೊತೆಗಾದರೆ 100ಕ್ಕೆ ಮೇಲೆ ಬೇಕೇ ಬೇಕು. ಅಪ್ಪನ ಹೋಂ ಥಿಯೇಟರಿಗೆ ಚುಚ್ಚಬೇಡ, ಸ್ಪೀಕರ್ ಹರಿದು ಮನೆಯಲ್ಲಿ ರಂಪ ಆಗುತ್ತೆ. ಸ್ಟ್ರ್ಯಾಪ್ ಅಗಲದ್ದು ತಗೊ, ನಾಲ್ಕು ಕೆಜಿ ಹೆಗಲ ಮೇಲಿರುತ್ತೆ. ಪೋಸ್ಟರ್‌ಗಳಲ್ಲಿ ಕಾಣುವ ಹಾಗೆ ಮೊಣಕಾಲ ತನಕ ಇಳಿಬಿಟ್ಟರೆ ಮಣಿಕಟ್ಟು ಹೋಗುತ್ತೆ. ಕಿವಿಗೆ ಪ್ಲಗ್ ಹಾಕಿಕೊ. ಡ್ರಮ್ಸಿನ ಸಿಂಬಲ್ ಪಕ್ಕದಲ್ಲೇ ನಿಲ್ಲುವವಳು ನೀನು.

ಈಗ ನುಡಿಸುವ ವಿಷಯ. ಎಲ್ಲರೂ ಸ್ವರ ಶುರುಮಾಡೋದನ್ನ ಕಲಿಸ್ತಾರೆ, ನಿಲ್ಲಿಸೋದನ್ನ ಕಲಿಸುವವರು ಕಡಿಮೆ. ಬೇಸ್ ತಂತಿ ಒಮ್ಮೆ ಮೀಟಿದರೆ ಎಷ್ಟೋ ಹೊತ್ತು ಮೊಳಗುತ್ತಲೇ ಇರುತ್ತೆ. ಅದನ್ನು ಎಲ್ಲಿ ಕಡಿಯಬೇಕು ಅನ್ನೋದರಲ್ಲೇ ಹಾಡಿನ ನಡಿಗೆ ಇರೋದು. ಮೆಟ್ರೊನೋಮ್ ನಿಧಾನಕ್ಕೆ ಇಟ್ಟುಕೊ, 60ಕ್ಕೆ. ಮೊದಲ ಏಟಿಗೆ ಒಂದು ಸ್ವರ ಮೀಟು, ಎರಡನೇ ಏಟು ಬೀಳುವ ಕ್ಷಣಕ್ಕೆ ಎಡಗೈ ಬೆರಳನ್ನು ಎತ್ತದೆ, ಬರೀ ಸಡಿಲ ಮಾಡಿ ನಿಲ್ಲಿಸು. ಎರಡನೇ ಏಟು ಅಂದರೆ ಡ್ರಮ್ಮರ್ ಸ್ನೇರ್ ಹೊಡೆಯುವ ಜಾಗ. ನಿನ್ನ ಸ್ವರ ಅಲ್ಲಿ ಜಾಗ ಖಾಲಿಮಾಡಿಕೊಟ್ಟರೆ ಸ್ನೇರ್ ಠಣ್ ಅಂತ ಕೇಳುತ್ತೆ. ನೀನು ಅಲ್ಲಿಯೂ ಮೊಳಗುತ್ತಿದ್ದರೆ ಎಲ್ಲಾ ಗೊಜ್ಜಾಗುತ್ತೆ. ಕೇಳೋರಿಗೆ ಕಾರಣ ಗೊತ್ತಾಗಲ್ಲ, ‘ಯಾಕೋ ಇವತ್ತು ಬ್ಯಾಂಡ್ ಎದ್ದೇಳಲಿಲ್ಲ’ ಅಂತಾರೆ. ಅದಕ್ಕೇ ರಿಹರ್ಸಲ್ಲಿನಲ್ಲಿ ಗಿಟಾರಿನವನ ಪಕ್ಕ ನಿಲ್ಲಬೇಡ. ಡ್ರಮ್ಮರ್ ಬಲಗಾಲು ಕಾಣುವ ಹಾಗೆ ನಿಲ್ಲು. ಅವನು ಪೆಡಲ್ ಒತ್ತೋದಕ್ಕೂ ನಿನ್ನ ಬೆರಳು ಇಳಿಯೋದಕ್ಕೂ ಕೂದಲೆಳೆ ವ್ಯತ್ಯಾಸ ಇರಬಾರದು.

ನೀನು ಸಂಗೀತ ಕಲಿತವಳು, ಇನ್ನೊಂದು ಸಂಗತಿ ಬೇಗ ಹೊಳೆಯುತ್ತೆ. ತಂಬೂರಿ ಕಛೇರಿಯುದ್ದಕ್ಕೂ ಷಡ್ಜ ಬಿಟ್ಟು ಕದಲಲ್ಲ. ಬೇಸ್ ಕದಲುತ್ತೆ. ಹಾಡುವವರು ಷಡ್ಜದ ಮೇಲೆ ನಿಂತಿದ್ದಾರೆ ಅಂತಿಟ್ಟುಕೊ. ಕೆಳಗೆ ನೀನು ಮಧ್ಯಮಕ್ಕೆ ಹೋದರೆ ಅವರ ಷಡ್ಜ ಪಂಚಮದ ಹಾಗೆ ಕೇಳುತ್ತೆ. ಶುದ್ಧ ಧೈವತ ಹಿಡಿದರೆ ಅದೇ ಷಡ್ಜ ಅಂತರ ಗಾಂಧಾರದ ಬಣ್ಣ ತಳೆಯುತ್ತೆ. ಹಾಡುವವರು ಏನೂ ಮಾಡಿಲ್ಲ, ಮಾಡಿದ್ದೆಲ್ಲ ನೀನು. ಇಳಯರಾಜ ಈ ಕೆಲಸದಲ್ಲಿ ಗಟ್ಟಿಗ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’, ಎರಡೂ ಚಿತ್ರದ ಹಾಡುಗಳನ್ನು ಇಯರ್‌ಫೋನ್ ಹಾಕಿಕೊಂಡು ಬರೀ ಬೇಸ್ ಹಿಂದೆ ಹೋಗಿ ಕೇಳು. ಫೋನಿನ ಸ್ಪೀಕರಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಆ ತಗ್ಗಿನ ಸ್ವರ ಅದರಲ್ಲಿ ಹುಟ್ಟೋದೇ ಇಲ್ಲ. ಬೇಸ್ ಬೇರೆಯೇ ಒಂದು ರಾಗ ಹಾಡಿಕೊಂಡು ಹೋಗ್ತಿರುತ್ತೆ, ಆದರೂ ಹಾಡಿಗೆ ಅಡ್ಡ ಬರಲ್ಲ. ಬರೆದು, ತಿದ್ದಿ, ನುಡಿಸಿ ಕಲಿಯೋಕೆ ನಮಗೆ ಇದ್ದ ಪಾಠಶಾಲೆ ಅದೇ.

ನಮ್ಮ ಆರ್ಕೆಸ್ಟ್ರಾ ದಿನಗಳಲ್ಲಿ ಗಣೇಶನ ಸೀಸನ್, ನವೆಂಬರಿನ ರಾಜ್ಯೋತ್ಸವದ ಸೀಸನ್ ಅಂದರೆ ಬಿಡುವಿರುತ್ತಿರಲಿಲ್ಲ. ಆಮೇಲೆ ಕೀಬೋರ್ಡ್ ಬಂತು, ಅದನ್ನು ನುಡಿಸುವವನ ಎಡಗೈಯೇ ಬೇಸ್ ನುಡಿಸಿತು, ಬೇಸಿನವನಿಗೆ ಕೊಡುವ ಪೇಮೆಂಟ್ ಉಳಿಯಿತು ಅಂತ ನಮ್ಮಲ್ಲಿ ಎಷ್ಟೋ ಜನ ಮನೆಗೆ ಹೋದರು. ಕೀಬೋರ್ಡಿನವನನ್ನು ನಾನು ದೂರಲ್ಲ, ಅವನಿಗೂ ಹೊಟ್ಟೆಪಾಡು. ಈಗ ಹುಡುಗ ಹುಡುಗಿಯರು ಬ್ಯಾಂಡ್ ಕಟ್ಟುತ್ತಿದ್ದಾರೆ, ಬೇಸಿನವರನ್ನು ಹುಡುಕಿಕೊಂಡು ಬರುತ್ತಾರೆ, ಸಂತೋಷ. ‘ಹುಡುಗಿ ಬೇಸಾ?’ ಅಂತ ಹುಬ್ಬೇರಿಸುವವರು ಸಿಕ್ಕಿಯೇ ಸಿಗ್ತಾರೆ. ಲಾಸ್ ಏಂಜಲೀಸಿನ ಕ್ಯಾರಲ್ ಕೇ ಗಿಟಾರ್ ನುಡಿಸುತ್ತಿದ್ದವಳು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸಿನವನು ಕೈಕೊಟ್ಟ, ಇವಳು ಎತ್ತಿಕೊಂಡಳು, ಆಮೇಲೆ ಹಾಲಿವುಡ್ಡಿನ ಸ್ಟುಡಿಯೋಗಳು ಬೇಸ್ ಬೇಕಾದಾಗ ಅವಳಿಗೇ ಫೋನ್ ಮಾಡಿದವು. ಮುಂಬೈಯ ಮೋಹಿನಿ ಡೇ ನುಡಿಸೋದನ್ನು ಒಮ್ಮೆ ನೋಡು, ಸಾಕು. ವಾದಕ್ಕಿಳಿಯಬೇಡ.

ಪೆಂಡಾಲಿನ ಕರೆಂಟ್ ಬಗ್ಗೆ ಮಾತ್ರ ಹುಷಾರು. ಆಂಪಿನಲ್ಲಿ ಗುಂಯ್ ಅನ್ನುವ ಸದ್ದು ಕೇಳುತ್ತಲ್ಲ, ಅದು ನಮ್ಮ 50 ಹರ್ಟ್ಸ್ ಕರೆಂಟಿನ ದನಿ. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಹೆಚ್ಚುಕಡಿಮೆ 49. ಸದ್ದಿರುವಾಗ ಆ ಸ್ವರ ಹಿಡಿದು ನೋಡು, ಎರಡೂ ಒಂದಕ್ಕೊಂದು ತಾಗಿ ಸೆಕೆಂಡಿಗೊಂದು ಸಲ ವ್ಹಾ... ವ್ಹಾ... ಅಂತ ಉಬ್ಬಿ ಇಳಿಯುತ್ತೆ. ಜಾಝ್ ಬೇಸ್ ಥರದ್ದಾದರೆ ಎರಡೂ ಪಿಕಪ್ಪಿನ ವಾಲ್ಯೂಮ್ ಪೂರ್ತಿ ತೆರೆದರೆ ಸದ್ದು ಅಡಗುತ್ತೆ. ಅದು ಬರೀ ಕಿರಿಕಿರಿ, ಅಪಾಯ ಬೇರೆ. ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಅಂದರೆ ಅರ್ತಿಂಗ್ ಇಲ್ಲ ಅಂತಲೇ ಅರ್ಥ. ನಮ್ಮ ಪೆಂಡಾಲುಗಳಲ್ಲಿ ಪ್ಲಗ್ ಇಲ್ಲದೆ ಬರೀ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಲ್ಲಿ ನಿಲ್ಲಿಸಿರ್ತಾರೆ, ಅರ್ತ್ ವೈರ್ ಗಾಳಿಯಲ್ಲಿ ತೂಗಾಡ್ತಿರುತ್ತೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಅನ್ನುವ ಗಿಟಾರ್ ವಾದಕ ಸ್ಟೇಜಿನ ಮೇಲೆ ಮೈಕ್ ಮುಟ್ಟಿ ಸತ್ತದ್ದು ಇಂಥದ್ದೇ ಕರೆಂಟಿನಿಂದ. ಬೇಸ್ ಚೀಲದಲ್ಲಿ ಒಂದು ಟೆಸ್ಟರ್ ಇಟ್ಟುಕೊ. ಸೌಂಡ್ ಚೆಕ್ಕಿಗೆ ಮೊದಲು ಮೈಕಿನ ಜಾಳಿಗೆಗೂ ಆಂಪಿನ ಕಬ್ಬಿಣಕ್ಕೂ ತಾಗಿಸಿ ನೋಡು. ದೀಪ ಹತ್ತಿದರೆ ಸರಿಮಾಡುವ ತನಕ ಸ್ಟೇಜ್ ಹತ್ತಬೇಡ. ಕಮಿಟಿಯವರು ಗೊಣಗಲಿ, ಎಮ್ಮೆಲ್ಲೆ ಬಂದು ಕೂತಿರಲಿ.

ಕೊನೆಗೆ ಕಳ್ಳರ ಕಾಟ. ಜೇಮರ್ಸನ್‌ನ ಆ ಬೇಸ್ 1983ರಲ್ಲಿ, ಅವನು ಸಾಯುವ ಸ್ವಲ್ಪ ಮೊದಲು ಕಳುವಾಯಿತು. ಮೆಕಾರ್ಟ್ನಿಯ ಹಾಫ್ನರ್ ಹೋದದ್ದು 1972ರಲ್ಲಿ ವ್ಯಾನಿನಿಂದ. ಮತ್ತೆ ಸಿಕ್ಕಿದ ಸುದ್ದಿ ಹೊರಬಂದದ್ದು 2024ರಲ್ಲಿ. ಫ್ರೆಟ್ ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ಜಾಕೋ ಪಾಸ್ಟೋರಿಯಸ್ ತಾನೇ ಮಾಡಿಕೊಂಡಿದ್ದ ಜಾಝ್ ಬೇಸನ್ನು 1986ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಿಂದ ಯಾರೋ ಎತ್ತಿಕೊಂಡು ಹೋದರು, ಮರುವರ್ಷ ಅವನೂ ತೀರಿಕೊಂಡ. ಅದು ಹೊರಗೆ ಕಾಣಿಸಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. ನೆಕ್ ಹಿಂದೆಯೋ ಹೆಡ್ಡಿನ ಮೇಲೋ ಸೀರಿಯಲ್ ನಂಬರ್ ಇರುತ್ತೆ. ಬರೆದಿಟ್ಟುಕೊ, ಬಿಲ್ಲಿನ ಜೊತೆ ಫೋಟೊ ತೆಗೆದು ನನಗೂ ಒಂದು ಕಳಿಸು. ಹಬ್ಬಕ್ಕೆ ಮೈಸೂರಿಗೆ ತರ್ತೀನಿ ಅಂದೆಯಲ್ಲ, ಬಸ್ಸಿನ ಡಿಕ್ಕಿಗೆ ಹಾಕಬೇಡ. ಸಂಪಾಜೆ ಘಾಟಿಯ ತಿರುವಿಗೆ ಅದರ ಮೇಲೆ ಯಾರದ್ದೋ ಹಲಸಿನಹಣ್ಣಿನ ಮೂಟೆ ಬಂದು ಬೀಳುತ್ತೆ. ಕಿಟಕಿ ಕಡೆ ಸೀಟ್ ತಗೊಂಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಬಾ, ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡು.