ಮದ್ದು ಕಲಸುವ ಮೊದಲು ಕೇಳಬೇಕಾದ ಮಾತು

ಅಡಿಕೆಯ ಕೊಳೆರೋಗಕ್ಕೆ ಏನು ಮದ್ದು ಎಂಬುದು ನಮ್ಮ ಸದಸ್ಯ ಬಾಂಧವರಿಗೆ ಹೊಸ ವಿಷಯವಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಬೋರ್ಡೋ ದ್ರಾವಣದ ಪ್ರಯೋಗ ನಡೆಸಿ ತೋರಿಸಿದರು. ಮುಂಗಾರಿಗೆ ಮುಂಚೆ ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಸಿಂಪಡಿಸುವುದು ಈಗ ರೂಢಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮರ ಏರುವವನನ್ನು ಏರಿಸುವ ನಿರ್ಣಯವನ್ನು ಹೇಗೆ ಮಾಡತಕ್ಕದ್ದು ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಜುಲೈಯಲ್ಲಿ ನಮ್ಮ ತೋಟದ ಎರಡನೇ ಸಿಂಪರಣೆ ಮಳೆಯಿಂದ ತಡವಾಗಿತ್ತು. ಒಂದು ಬೆಳಿಗ್ಗೆ ಹೊಳವಾಯಿತು. ನಾವು ಡ್ರಮ್ಮಿನಲ್ಲಿ ಮದ್ದು ಕಲಸಿ, ಆಮೇಲೆ ಕೊನೆಗಾರನನ್ನು ಕರೆದೆವು. ಆತ ಮರದ ಮೇಲೆ ಅಂಗೈ ಆಡಿಸಿ, "ಅಯ್ಯಾ, ಮರ ಜಾರ್ತದೆ, ನಾಳೆ ನೋಡುವ" ಎಂದ. ಕಲಸಿದ ಮದ್ದು ನಾಳೆಗೆ ಆಗುವುದಿಲ್ಲವಲ್ಲ ಎಂದೆವು. ಪಕ್ಕದ ತೋಟದಲ್ಲಿ ಆಗಲೇ ಹತ್ತಿದ್ದಾರೆಂದೂ ಸೇರಿಸಿದೆವು. ಆತ "ಆಯ್ತು" ಎಂದು ತಳೆ ಹಾಕಿಕೊಂಡು ಹತ್ತಿದ.

ಸಂಜೆಯವರೆಗೆ ಏನೂ ಆಗಲಿಲ್ಲ. ಏನೂ ಆಗದ ಕಾರಣದಿಂದಲೇ ನಮ್ಮ ನಿರ್ಣಯ ಸರಿಯೆಂದು ಎರಡು ವರ್ಷ ನಂಬಿದ್ದೆವು. ಮೂರನೆಯ ವರ್ಷ ಅದೇ ಮನುಷ್ಯ ಬೇರೊಬ್ಬರ ತೋಟದಲ್ಲಿ, ಅಂಥದೇ ಹೊಳವಿನಲ್ಲಿ, ಜಾರಿ ಬಿದ್ದು ಸೊಂಟ ಮುರಿದುಕೊಂಡ. ಈಗ ಸಂಘದ ಉಗ್ರಾಣದಲ್ಲಿ ಕುಳಿತು ಗೋಣಿಚೀಲ ಹೊಲಿಯುತ್ತಾನೆ. ಆ ತೋಟದವರನ್ನು ದೂರಲು ನಮಗೆ ಬಾಯಿಲ್ಲ.

ಆ "ಆಯ್ತು" ಎಂಬ ಮಾತನ್ನು ನಾವು ಮತ್ತೆ ಮತ್ತೆ ಯೋಚಿಸಿದ್ದೇವೆ. ಬೇಸಿಗೆಯಲ್ಲಿ ಆತ ನಮ್ಮಿಂದ ಮುಂಗಡ ಪಡೆದಿದ್ದ. ಋಣದಲ್ಲಿದ್ದವನ "ಆಯ್ತು" ಒಪ್ಪಿಗೆಯೆಂದು ಲೆಕ್ಕಕ್ಕೆ ಬರುವುದೇ? ಕೊಳೆ ಬಂದರೆ ನಮಗೆ ಹೋಗುವುದು ಒಂದು ವರ್ಷದ ಫಸಲಿನ ಪಾಲು. ಮರ ಜಾರಿದರೆ ಅವನಿಗೆ ಹೋಗುವುದು ದುಡಿಯುವ ಮೈ. ಕೊಡೆ ಹಿಡಿದು ಕೆಳಗೆ ನಿಂತ ನಾವು ಇವೆರಡನ್ನೂ ತೂಗುತ್ತೇವೆ, ತಕ್ಕಡಿಯೂ ನಮ್ಮ ಕೈಯದೇ.

ಈಗ ಕೊನೆಗಾರ ಮರ ಮುಟ್ಟಿ ನೋಡಿ ಹೇಳುವವರೆಗೆ ನಾವು ಮೈಲುತುತ್ತ ಕರಗಿಸುವುದಿಲ್ಲ. ಕರೆಸಿದ ದಿನ ಆತ ಬೇಡವೆಂದರೂ ಅರ್ಧ ಸಂಬಳ ಕೊಡುತ್ತೇವೆ. ಇಲ್ಲವಾದರೆ ಬೇಡವೆಂದದ್ದಕ್ಕೆ ಅವನೇ ದಂಡ ತೆತ್ತಂತಾಗುತ್ತದೆ. ಅಪಘಾತ ವಿಮೆಯ ಕಂತು ನಮ್ಮದು. ಈ ಮಾತುಗಳನ್ನು ಮೇ ತಿಂಗಳಲ್ಲೇ ಆಡಿ ಮುಗಿಸುತ್ತೇವೆ. ಕಾಯಿ ಉದುರತೊಡಗಿದ ಮೇಲೆ ಬೆಳೆಗಾರನ ಬುದ್ಧಿ ಅವನ ಹಿಡಿತದಲ್ಲಿರುವುದಿಲ್ಲ, ನಮ್ಮದಂತೂ ಇರಲಿಲ್ಲ.

ನೆಲದಲ್ಲೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಸಣ್ಣ ಹಿಡುವಳಿದಾರರಿಗೆ ಅದರ ಬೆಲೆ ಭಾರ. ಸಂಘವೇ ಕೊಂಡು ಬಾಡಿಗೆಗೆ ಕೊಡುವ ವಿಷಯ ಮುಂದಿನ ಸಭೆಯಲ್ಲಿ ಬರಲಿದೆ. ಸರದಿಯನ್ನು ಚೀಟಿ ಎತ್ತಿಯೇ ಗೊತ್ತುಮಾಡಬೇಕು, ನಿರ್ದೇಶಕರನ್ನೂ ಕಾರ್ಯದರ್ಶಿಯನ್ನೂ ಸೇರಿಸಿ.

ಕಾದರೆ ನಷ್ಟವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಕಳೆದ ಮಳೆಗಾಲ ಒಂಬತ್ತು ದಿನ ಕಾದೆವು. ಕೆಳಗಿನ ಸಾಲುಗಳಲ್ಲಿ ಕಾಯಿ ಚೆನ್ನಾಗಿಯೇ ಉದುರಿತು. ಹತ್ತನೆಯ ದಿನ ಆ ಕೊನೆಗಾರನ ತಮ್ಮ ನಾಲ್ಕಾರು ಮರ ಮುಟ್ಟಿ ನೋಡಿ, "ಈಗ ಕಲಸಿ ಅಯ್ಯಾ" ಎಂದ.