ಹಳೆಯ ಲೆಕ್ಕಕ್ಕೆ ಹಳೆಯ ವಿಂಡೋಸ್



ಏಕಸಂಬಿಯಂಥ ಊರುಗಳಲ್ಲಿ ತೋಟದ ಹಳೆಯ ಲೆಕ್ಕ ಇನ್ನೂ ಡಾಸ್ ಕಾಲದ ತಂತ್ರಾಂಶದಲ್ಲಿ ಉಳಿದಿರಬಹುದು. ಸಾಲದ ತಕರಾರಿಗೆ, ಮನೆಯ ವಾಟ್ನಿಗೆ ಅದೇ ಆಧಾರ. 16 ಬಿಟ್ಟಿನ ಆ ತಂತ್ರಾಂಶವು 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯದು. 32 ಬಿಟ್ಟಿನ ಎಕ್ಸ್‌ಪಿಯಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಹಳೆಯ ಗಣಕದಲ್ಲಿ ಎಕ್ಸ್‌ಪಿ ಹಾಕುವ ಕ್ರಮವನ್ನು ಕೆಳಗೆ ತಿಳಿಸಿದ್ದೇವೆ.

1. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದುದೆಲ್ಲ ಅಳಿಯುತ್ತದೆ. ಹಳೆಯ ಮರ ಕಡಿಯುವ ಮುನ್ನ ಬೀಜದ ಗೋಟು ತೆಗೆದಿಡುವಂತೆ, ಮೊದಲು ಕಡತಗಳನ್ನು ಎರಡು ಪೆನ್‌ಡ್ರೈವಿಗೆ ಪ್ರತಿ ಮಾಡಿ, ಇನ್ನೊಂದು ಗಣಕದಲ್ಲಿ ಪರೀಕ್ಷಿಸಿರಿ.

2. ಅಸಲಿ ಸಿ.ಡಿ., ಅದರ 25 ಅಕ್ಷರಗಳ ಕೀಲಿ, ಯಂತ್ರದ ಡ್ರೈವರುಗಳನ್ನು ಕೂಡಿಸಿಕೊಳ್ಳಿರಿ. 128 ಎಂಬಿ ಮೆಮೊರಿ, 1.5 ಜಿಬಿ ಜಾಗ ಇರಲಿ.

3. ಬಯೋಸಿನಲ್ಲಿ ಸಿ.ಡಿ.ಯನ್ನು ಮೊದಲ ಸ್ಥಾನಕ್ಕೆ ತನ್ನಿರಿ. ಸಾಟಾ ಡಿಸ್ಕ್ ಇದ್ದರೆ ಐಡಿಇ ವಿಧಾನ ಆರಿಸಿರಿ. ಇಲ್ಲವಾದರೆ ಡಿಸ್ಕ್ ಕಾಣದೆ ನೀಲಿ ಪರದೆ ಬರಬಹುದು.

4. ಎಕ್ಸ್‌ಪಿಗೆ ಕಂಪನಿಯ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಆದುದರಿಂದ ಈ ಗಣಕಕ್ಕೆ ಇಂಟರ್ನೆಟ್ ಜೋಡಿಸಬೇಡಿರಿ. ಬ್ಯಾಂಕಿನ ವ್ಯವಹಾರ ಇದರಲ್ಲಿ ಸಲ್ಲದು.

ಲೆಕ್ಕ ತೆರೆದೊಡನೆ ವರ್ಷವಾರು ಕಾಗದಕ್ಕೆ ಮುದ್ರಿಸಿ ಫೈಲು ಮಾಡಿಡಿರಿ. ಹಳೆಯ ಯಂತ್ರ ಎಂದು ಕೈಕೊಡುವುದೋ ಹೇಳಲಾಗದು, ಕಾಗದ ಮನೆಯಲ್ಲಿರುತ್ತದೆ.